ಬಳಸೋರನ್ನ ಕೇಳ್ರಿ

ಜಗಳೂರಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರ ಬಳಿ ಒಂದು ದಪ್ಪ ಡಿಕ್ಷನರಿ ಇತ್ತು. ಗಾಳಿಗೆ ಕಿಟಕಿ ಬಡಿಯದಂತೆ ಅದನ್ನು ಅಡ್ಡ ಇಡುತ್ತಿದ್ದರು. ಯಾವ ಪದದ ಅರ್ಥ ಕೇಳಿದರೂ ಅವರದು ಒಂದೇ ಉತ್ತರ: ‘ಬಳಸೋರನ್ನ ಕೇಳ್ರಿ.’

ಎಪ್ಪತ್ತರ ದಶಕದ ಕೊನೆಯಲ್ಲಿ, ‘ಹಾರ್ಸ್’ ಎಂಬ ಒಂದು ಪದಕ್ಕಾಗಿ ಮೊದಲು ಜಟಕಾ ಹೊಡೆಯುವ ಸಾಬರ ಬಳಿ ಹೋದೆವು. ಆಮೇಲೆ ಡ್ರಿಲ್ ಮೇಷ್ಟ್ರು ನಮ್ಮನ್ನು ಹಾರಿಸುತ್ತಿದ್ದ ಮರದ ಕುದುರೆಯ ಬಳಿ. ಮೂರನೆಯದು ಪಂಪ್‌ಸೆಟ್ ರಿಪೇರಿ ಅಂಗಡಿ. ಶಾಲೆಯ ಮೆಟ್ಟಿಲು ಹತ್ತದ ಮೆಕ್ಯಾನಿಕ್ಕನ ಕೈಗೆ ಸೀಮೆಸುಣ್ಣ ಕೊಟ್ಟು, ಮೇಷ್ಟ್ರು ನಮ್ಮ ನಡುವೆ ನೆಲದ ಮೇಲೆ ಕೂತರು.

ಆತ ನಾಚುತ್ತಲೇ ಶುರು ಮಾಡಿದ. ‘ಐದು ಹಾರ್ಸಿನ ಮೋಟಾರ್ ಅಂತೀವಲ್ರೀ, ಕುದುರೆ ಅನ್ನೋದು ಹೆಸರಿಗಷ್ಟೇ. ನಮ್ಮ ಕಡೆ ಆ ಮೋಟಾರ್ ಕೆಲಸದಿಂದ ಬಿಡಿಸಿದ್ದು ಬಾವಿ ಮೇಲೆ ನೀರೆತ್ತೋ ಕಪಿಲೆ ಎಳೆಯೋ ಎತ್ತುಗಳನ್ನ.’

ಅಷ್ಟರಲ್ಲಿ, ಖಾಲಿ ತರಗತಿ ನೋಡಿ ಸಿಟ್ಟಾಗಿದ್ದ ಶಾಲಾ ಇನ್ಸ್‌ಪೆಕ್ಟರು ನಮ್ಮನ್ನು ಹುಡುಕಿಕೊಂಡು ಬಂದರು. ‘ಇಲ್ಲಿ ಮೇಷ್ಟ್ರು ಯಾರ್ರೀ?’

ನಮ್ಮ ಮೇಷ್ಟ್ರು ಎದ್ದು ನಿಂತು ಮೆಕ್ಯಾನಿಕ್ಕನನ್ನು ತೋರಿಸಿದರು. ‘ಇವತ್ತು ಇವರು, ಸಾರ್. ಪಾಠ ಅರ್ಧ ಆಗೈತೆ, ಕೂತ್ಕೊಳ್ರಿ.’

ಇನ್ಸ್‌ಪೆಕ್ಟರು ಗ್ರೀಸು ಮೆತ್ತಿದ ನೆಲವನ್ನೊಮ್ಮೆ ನೋಡಿದರು, ಕರ್ಚೀಫು ಹಾಸಿ ಕೂತರು. ಮೆಕ್ಯಾನಿಕ್ ಮೊದಲಿನಿಂದ ಶುರು ಮಾಡಿದ. ಈ ಸಲ ನಾಚಲಿಲ್ಲ.