ಸುವರ್ಣಾಳ ಸೋಮವಾರದ ಹೊತ್ತು

ಬೆಳಕು ಹರಿಯುವ ಮೊದಲೇ ತುಕ್ಕಾನಟ್ಟಿಯ ಸುವರ್ಣಾ ಅಂಗಳ ಗುಡಿಸಿ, ಎಮ್ಮೆ ಹಿಂಡಿ, ಅತ್ತೆಗೆ ಚಹಾ ಕೊಟ್ಟು, ಇಪ್ಪತ್ತು ರೊಟ್ಟಿ ಬಡಿದು, ಮಕ್ಕಳ ಡಬ್ಬಿ ಕಟ್ಟಿರುತ್ತಾಳೆ. ಆ ಮನೆಗೆ ಅವಳೇ ಗಡಿಯಾರ. "ಎಷ್ಟಾತ ಸುವರ್ಣಾ?" ಎಂದು ಅತ್ತೆ ಕೂಗಿದರೆ ಒಲೆಯ ಮುಂದಿನಿಂದಲೇ "ಆರಕ್ಕ ಹತ್ತು ಕಮ್ಮಿ ಐತ್ರಿ" ಎನ್ನುತ್ತಾಳೆ, ಕೇಳಿದವರು ತಮ್ಮ ಮೊಬೈಲನ್ನೇ ಅನುಮಾನಿಸುತ್ತಾರೆ. ಇಂಥವಳಿಗೆ ಹೊತ್ತು ತಪ್ಪುವುದು ಸೋಮವಾರ ಮಧ್ಯಾಹ್ನ ಮಾತ್ರ. ಮಕ್ಕಳು ಶಾಲೆಯಲ್ಲಿ, ಅತ್ತೆ ನಾಗನೂರಿನ ಮಗಳ ಮನೆಯಲ್ಲಿ. ಆಗ ಬಾಗಿಲು ಹಾಕಿಕೊಂಡು ಗಂಡ ಯಲ್ಲೇಶ, ಅವಳೇ ನೂತ ಉಣ್ಣೆಯ ಹಗ್ಗದಿಂದ, ಅವಳು ಬಯಸಿದಂತೆಯೇ ಅವಳ ಎರಡೂ ಕೈ ಕಟ್ಟುತ್ತಾನೆ. ಕಟ್ಟುವವನು ಅವನಾದರೂ ಬಿಚ್ಚುವ ಅಧಿಕಾರ ಅವಳದು. ಅವಳು "ಗೋಕಾಕ" ಎಂದ ಕೂಡಲೇ ಗಂಟು ಸಡಿಲಬೇಕೆಂದು ಇಬ್ಬರೂ ಮಾತಾಡಿಕೊಂಡಿದ್ದಾರೆ. ಕೈಗೆ ಕೆಲಸವಿಲ್ಲದ ಆ ಹೊತ್ತು ಹಿಗ್ಗುತ್ತಾ ಹೋಗುತ್ತದೆ. "ಎಷ್ಟ ಹೊತ್ತಾತ, ಹೇಳ ನೋಡೂನು?" ಎಂದು ಅವನು ಕೆಣಕುತ್ತಾನೆ. "ಎರಡ ತಾಸರೇ ಆಗಿರಬೇಕ್ರಿ." "ಹುಚ್ಚಿ, ಇಪ್ಪತ್ತ ನಿಮಿಷ!" ತಪ್ಪು ಹೇಳಿದ್ದಕ್ಕೆ ಅವಳು ಮಗುವಿನಂತೆ ನಗುತ್ತಾಳೆ; ಇಡೀ ವಾರದಲ್ಲಿ ಅವಳಿಗೆ ತಪ್ಪುವ ಸ್ವಾತಂತ್ರ್ಯವಿರುವುದು ಅಲ್ಲಿ ಮಾತ್ರ. ಈ ಸೋಮವಾರ ನಡುವೆಯೇ ಹೊಲದ ಕರೆಂಟು ಬಂದು ಪಕ್ಕದವರ ಮೋಟರು ಶುರುವಾಯಿತು. ಮೋಟರು ಹಚ್ಚುವುದೂ ಅವಳದೇ ಕೆಲಸ. ಕರೆಂಟು ಇರುವುದು ಸ್ವಲ್ಪ ಹೊತ್ತಷ್ಟೇ; ತಡವಾದರೆ ಕಬ್ಬಿಗೆ ಇಂದು ನೀರಿಲ್ಲ, ಅತ್ತೆಯ ಬೈಗುಳ ತಪ್ಪುವುದಿಲ್ಲ. "ಬಿಚ್ಚಲೇನ?" ಯಲ್ಲೇಶ ಮೆಲ್ಲಗೆ ಕೇಳಿದ. "ನೀನ ಹೇಳಬೇಕ." ಅವಳು ಮೋಟರಿನ ಸದ್ದಿಗೆ ಕಿವಿಗೊಟ್ಟಳು. ಆಮೇಲೆ ಅವನ ಭುಜಕ್ಕೆ ತಲೆಯಾನಿಸಿ, "ಕಬ್ಬು ನಾಳಿ ಕುಡೀಲಿ ಬಿಡ್ರಿ" ಎಂದು ಕಣ್ಣು ಮುಚ್ಚಿದಳು.