ಅರಿಸಿನ ಹಚ್ಚಿದ ಕೋಟೆಗಳು

ಹೇಳಿದರೆ ಜನ ನಗುತ್ತಾರೆ. ನಕ್ಕರೆ ನಗಲಿ. ನನಗೆ ಹಿಡಿದಿರುವುದು ಹಳೆಯ ಪೋಸ್ಟ್‌ಕಾರ್ಡುಗಳ ಹುಚ್ಚು, ಅದರಲ್ಲೂ ಪರದೇಶದ ಪಾಳುಬಿದ್ದ ಕೋಟೆಗಳ ಚಿತ್ರವಿರುವ ಕಾರ್ಡುಗಳದು. ಹಾವೇರಿಯ ರದ್ದಿ ಅಂಗಡಿಯೊಂದರಲ್ಲಿ ಕೊಂಡ ನಿಘಂಟಿನೊಳಗೆ ಮೊದಲನೆಯದು ಸಿಕ್ಕಿತು. ನೀರಿನ ದಂಡೆಗೆ ಕಪ್ಪು ಕೋಟೆ, ಅರ್ಧ ಉರುಳಿದ ಬುರುಜು, ಮೂಲೆಯಲ್ಲಿ ಸಣ್ಣಗೆ ಮೂರು ಎಂಬ ಅಂಕಿ. ಮೂರು ಇದ್ದಮೇಲೆ ಒಂದು, ಎರಡು ಎಲ್ಲೋ ಇರಲೇಬೇಕಲ್ಲ? ಹೈಸ್ಕೂಲಿನಲ್ಲಿ ಮಕ್ಕಳನ್ನು ಗದರಿಸುವ ನಾನು ಅಂದು ಬ್ಯಾಡಗಿಯ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಮನೆಗೆ ಬಂದೆ. ಪಕ್ಕದಲ್ಲಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ನಾಲ್ಕು ವರ್ಷಗಳಲ್ಲಿ ಅದೇ ಕೋಟೆಯ ಹನ್ನೆರಡು ಕಾರ್ಡುಗಳಲ್ಲಿ ಹನ್ನೊಂದು ಸೇರಿದವು. ಏಳನೆಯದೊಂದು ಸಿಗಲೊಲ್ಲದು. ಹಾಜರಿ ಕೂಗುವಾಗ ಏಳನೇ ನಂಬರ್ ಬಂದರೆ ನನ್ನ ದನಿ ತಾನಾಗಿ ಗಡುಸಾಗುತ್ತಿತ್ತು. ಪಾಪ, ಆ ಹುಡುಗಿಯ ತಪ್ಪೇನೂ ಇರಲಿಲ್ಲ.

ನಮ್ಮದು ಮೆಣಸಿನಕಾಯಿ ವ್ಯಾಪಾರದ ಮನೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಹಾಗೆನ್ನುವವರು ನಮ್ಮ ಅತ್ತೆಯವರನ್ನು ಕಂಡಿಲ್ಲ. ಮೊದಲ ಕಾರ್ಡು ನೋಡಿದ ದಿನವೇ ಅವರು ತೀರ್ಪು ಕೊಟ್ಟಿದ್ದರು.

"ಮಂದಿ ಇಲ್ಲದ ಹಾಳ ಮನಿ ಅದು. ದೀಪ ಹಚ್ಚೂ ಮನ್ಯಾಗ ಅದರ ಚಿತ್ರ ಇಡಬ್ಯಾಡ."

ಹೀಗಾಗಿ ನನ್ನ ಕೋಟೆಗಳ ವಾಸ ಹಿತ್ತಲಿನ ಗೋದಾಮಿನಲ್ಲಿ, ಮೆಣಸಿನಕಾಯಿ ಚೀಲಗಳ ನಡುವಿನ ಟ್ರಂಕಿನಲ್ಲಿ. ನೋಡಬೇಕೆನಿಸಿದಾಗಲೆಲ್ಲ ಸೀನುತ್ತ ಹೋಗಿ ಸೀನುತ್ತ ಬರುತ್ತಿದ್ದೆ.

ಹೋದ ವರ್ಷ, ಕಾರ್ಡು ಕೂಡಿಸುವವರ ವಾಟ್ಸಾಪ್ ಗುಂಪಿನಲ್ಲಿ ಏಳನೆಯದರ ಸುಳಿವು ಸಿಕ್ಕಿತು. ಅದು ರಾಣೆಬೆನ್ನೂರಿನಲ್ಲೇ, ನಿವೃತ್ತ ಗಣಿತದ ಮಾಸ್ತರರೊಬ್ಬರ ಹತ್ತಿರ ಇತ್ತು. ತಕ್ಷಣ ಫೋನ್ ಮಾಡಿದೆ.

"ಪುಕ್ಕಟೆ ಕೊಡತೇನಿ ಅಕ್ಕೋರ," ಎಂದರು ಮಾಸ್ತರರು. "ಆದ್ರ ನಿಮ್ಮ ಹನ್ನೊಂದನ್ನ ಮೊದಲ ತಂದು ತೋರಸ್ರಿ. ಒಂದ ಕಲೆ ಕಂಡ್ರೂ ಕೊಡಾಂಗಿಲ್ಲ. ಜ್ವಾಪಾನ ಇಲ್ಲದ ಮನಿಗೆ ನಾ ಕನ್ಯಾ ಕೊಡೂದಿಲ್ಲ."

ಖುಷಿ ತಡೆಯಲಾಗದೆ ಅತ್ತೆಯವರ ಮುಂದೆ ಬಾಯಿಬಿಟ್ಟೆ. "ಕನ್ಯಾ ಗೊತ್ತಾತ್ರಿ ಅತ್ತಿ. ಐತವಾರ ಹೋಗಿ ಏಳನೇದನ್ನ ಕರಕೊಂಡು ಬರತೇನಿ." ಅವರು ಹೂಂ ಎಂದರಷ್ಟೇ.

ಭಾನುವಾರ ಬೆಳಿಗ್ಗೆ ಟ್ರಂಕು ತೆರೆದವಳು ಕಾರ್ಡುಗಳನ್ನು ಬಾಗಿಲ ಬೆಳಕಿಗೆ ತಂದೆ. ಒಂದೊಂದು ಕಾರ್ಡಿನ ನಾಲ್ಕೂ ಮೂಲೆಗೆ ಅರಿಸಿನ. ಸಾಲದ್ದಕ್ಕೆ ನಡುವೆ, ಸರಿಯಾಗಿ ಬುರುಜಿನ ಹಣೆಗೆ, ಕುಂಕುಮದ ಬೊಟ್ಟು.

"ಏನ ಮಾಡೀರಿ ಅತ್ತಿ ಇದು?"

"ಕನ್ಯಾ ತರಾಕ ಹೊಂಟೀದಿ. ಬರೇ ಕಾಗದ ಒಯ್ತಾರೇನ? ಅದೂ ಮಂದಿ ಇಲ್ಲದ ಹಾಳ ಮನೀದು!" ಎಂದರು. ಅವರ ಬೆರಳು ಇನ್ನೂ ಹಳದಿಯಾಗಿತ್ತು. "ಚಂದ ಆಗ್ಯಾವ ನೋಡು."

ಸಿಟ್ಟು ನೆತ್ತಿಗೇರಿತು. ಜೀವಮಾನದಲ್ಲಿ ಮೊದಲ ಸಲ ಅವರಿಗೆ ಎದುರಾಡಬೇಕೆಂದು ಬಾಯಿ ತೆರೆದರೆ ಸೀನು ಬಂತು. ಅದರ ಹಿಂದೆ ಇನ್ನೊಂದು. "ಜೋಡಿ ಸೀನು. ಕೆಲಸ ಆಗ್ತೈತಿ, ಲಗೂನ ಹೋಗು," ಎಂದು ಅತ್ತೆಯವರು ಸಮಾಧಾನದಿಂದ ಒಳಗೆ ಹೋದರು.

ಹೋಗದೇ ಇರಬಹುದಿತ್ತು. ಆದರೆ ಆಸೆಗೆ ನಾಚಿಕೆ ಎಲ್ಲಿಯದು? ಬಸ್ಸಿನಲ್ಲಿ ಒಂದು ಮೂಲೆಯನ್ನು ಕರ್ಚೀಫಿನಿಂದ ಒರೆಸಿದೆ. ಹಳದಿ ಆಕಾಶದ ತನಕ ಹಬ್ಬಿತು. ಅಲ್ಲಿಗೇ ಬಿಟ್ಟೆ.

ಮಾಸ್ತರರು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಚಿಮಟ ಹಿಡಿದು ಕಾಯುತ್ತಿದ್ದರು. ಮೊದಲ ಕಾರ್ಡು ಎತ್ತಿದರು, ಸೀನಿದರು. ಹನ್ನೊಂದನ್ನೂ ತಿರುವಿ ನೋಡಿ ಚಿಮಟ ಕೆಳಗಿಟ್ಟರು.

"ಅಕ್ಕೋರ, ನಾ ಒಂದ ಕಲೆ ಅಂದಿದ್ದೆ. ಇಲ್ಲಿ ಐವತ್ತೈದು ಅದಾವ."

ಲೆಕ್ಕ ಸರಿಯಾಗಿತ್ತು. ಅವರು ಏಳನೆಯದಿದ್ದ ಮೇಜಿನ ಖಾನೆಗೆ ಕೀಲಿ ಹಾಕಿದರು. ನಾನು ಕಾರ್ಡುಗಳನ್ನು ಎತ್ತಿಕೊಳ್ಳುವ ಹೊತ್ತಿಗೆ ಅವರ ಹೆಂಡತಿ ಚಹಾ ತಂದವರು ಹಾಗೇ ನಿಂತರು.

"ಹರಿಷಿಣ ಹಚ್ಚಿದ ಕಾಗದ ಬಾಗಲಿಗೆ ಬಂದೈತಿ. ಅದನ್ನ ತಿರುಗಿ ಕಳಸ್ತೀರೇನು?"

"ಅದೇನ ಲಗ್ನಪತ್ರನ?" ಎಂದರು ಮಾಸ್ತರರು.

"ಕನ್ಯಾ ಕೊಡೂದಿಲ್ಲ ಅಂತ ಫೋನಿನ್ಯಾಗ ಅಂದವರು ಯಾರು ಹಂಗಾದ್ರ?"

ಮಾಸ್ತರರು ಕಾರ್ಡುಗಳನ್ನು ನೋಡಿದರು, ಹೆಂಡತಿಯ ಮುಖ ನೋಡಿದರು, ಮತ್ತೆ ಕೀಲಿ ತೆಗೆದರು. ಆ ತಾಯಿ ನನ್ನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಮಣೆಯ ಮೇಲೆ ಕೂರಿಸಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕಿ ಉಡಿ ತುಂಬಿದರು. ಎಲ್ಲದರ ಮೇಲೆ ಏಳನೆಯದನ್ನಿಟ್ಟರು. ಮಾಸ್ತರರು ಓಡಿಬಂದು ಅದಕ್ಕೊಂದು ಪ್ಲಾಸ್ಟಿಕ್ ಚೀಲ ತೊಡಿಸಿದರು. "ಇದಕ್ಕರ ಹಚ್ಚಬ್ಯಾಡ್ರಿ ಅಕ್ಕೋರ, ಕೈ ಮುಗೀತೇನಿ." ನಾನು ಆಣೆ ಮಾಡಿದೆ. ಬ್ಯಾಡಗಿ ಮುಟ್ಟುವವರೆಗೂ ಬಸ್ಸಿನಲ್ಲಿ ಮೂಲೆಯ ಆ ಅಂಕಿಯನ್ನೇ ನೋಡುತ್ತ ನಗುತ್ತಿದ್ದೆ. ಈ ಸಲವೂ ಯಾರೋ ಸೀಟು ಬದಲಿಸಿದರು.

ಮನೆಯ ಹೊಸ್ತಿಲಲ್ಲಿ ಅತ್ತೆಯವರು ಅರಿಸಿನದ ಬಟ್ಟಲು ಹಿಡಿದೇ ನಿಂತಿದ್ದರು. ನಾನು ಕಾರ್ಡನ್ನು ಸೆರಗಿನ ಮರೆಗೆ ಸರಿಸಿದೆ. "ತಾ ಇಲ್ಲಿ," ಎಂದು ಕಾರ್ಡು ಇಸಿದುಕೊಂಡು, ಚೀಲದಿಂದ ತೆಗೆದು, ಬೆಳಕಿಗೆ ದೂರ ಹಿಡಿದರು. ಹಳದಿ ಬೆರಳು ಮೂಲೆಯ ಹತ್ತಿರ ಬಂದು ಅಲ್ಲೇ ನಿಂತಿತು.

ಆಗ ನಾನೂ ಚಿತ್ರ ನೋಡಿದೆ. ಅದು ಕೋಟೆಯ ಹಿಂಬದಿ. ಮುರಿದ ಎರಡು ಕಂಬಗಳ ನಡುವೆ ಹಗ್ಗ, ಹಗ್ಗದ ಮೇಲೆ ಎರಡು ಚಾದರ, ಒಂದು ಮಗುವಿನ ಅಂಗಿ. ಗೋಡೆಯ ಮರೆಯಲ್ಲಿ ಹಗ್ಗದತ್ತ ಕೈಯೆತ್ತಿ ನಿಂತ ಒಬ್ಬ ಹೆಂಗಸು.

ಅತ್ತೆಯವರು ಬಟ್ಟಲು ಕೆಳಗಿಟ್ಟರು. "ಇದಕ್ಕ ಬ್ಯಾಡ. ಇಲ್ಲಿ ಮಂದಿ ಅದಾರ." ಕಾರ್ಡನ್ನು ನನ್ನ ಕೈಗೆ ಮರಳಿಸಿ, "ಉಳದವನ್ನೂ ಒಳಗ ತಗೊಂಡ ಬಾ. ಸಂಸಾರ ಇದ್ದ ಮನಿಗೆ ಹಾಳ ಮನಿ ಅಂದಬಿಟ್ಟೆ," ಎಂದರು.

ಈಗ ಹನ್ನೆರಡೂ ಟೀವಿ ಪಕ್ಕದ ಶೋಕೇಸಿನಲ್ಲಿವೆ. ಮೋಡ ಕವಿದಾಗ ಅತ್ತೆಯವರು ಹಿತ್ತಲಿನ ಬಟ್ಟೆಗಳನ್ನು ಬಾಚಿಕೊಂಡು ಬರುತ್ತ ಏಳನೆಯದರ ಮುಂದೆ ನಿಲ್ಲುತ್ತಾರೆ.

"ಆಕಿ ಇನ್ನೂ ಅರಿವಿ ತಗದಿಲ್ಲ ನೋಡು," ಎನ್ನುತ್ತಾರೆ.