ಗುಟ್ಕಾ ತಿನ್ನದ ಅಣ್ಣನ ಹಲ್ಲು

ಮುಂಬೈನ ಬೊರಿವಲಿಯ ನಮ್ಮ ಚಾಳಿನಲ್ಲಿ ಈ ಕಥೆಯನ್ನು ಮೂರು ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಮಲ್ಲು ಗುಟ್ಕಾ ಬಿಟ್ಟ. ಡಾಕ್ಟರು ಅವನ ಹಲ್ಲು ತೊಳೆದರು. ಸೇಠ್ ಅವನಿಗೆ ಕೌಂಟರಿನ ಕೆಲಸ ಕೊಟ್ಟರು. ಮೂರೂ ತಪ್ಪು. ಮಲ್ಲು ನನ್ನ ಅಣ್ಣ. ಅವನು ಗುಟ್ಕಾ ತಿಂದವನೇ ಅಲ್ಲ, ಇನ್ನು ಬಿಡುವುದೆಲ್ಲಿಂದ ಬಂತು? ಅವನ ಹಲ್ಲಿನ ಮೇಲಿದ್ದದ್ದು ತೊಳೆದರೆ ಹೋಗುವಂಥದ್ದಾಗಿರಲಿಲ್ಲ. ಕೌಂಟರಿನ ಕೆಲಸವಂತೂ ಮೊದಲೂ ಅವನದೇ ಆಗಿತ್ತು.

ನಾನು ಫೋರ್ಟಿನ ಕಡೆ ಕಾನೂನು ಓದುತ್ತೇನೆ, ಚರ್ಚಾ ಸ್ಪರ್ಧೆಗಳಲ್ಲಿ ಮಾತಾಡಿ ಬೆಳೆದವಳು. ಅಣ್ಣ ಎಂಬ ಒಂದೇ ಕಾರಣಕ್ಕೆ ಅವನ ಮಾತನ್ನು ಒಪ್ಪಿಕೊಳ್ಳುವವಳಲ್ಲ. ಅವನ ಬ್ಯಾಗು, ಅಂಗಿಯ ಜೇಬು ಎಲ್ಲ ತಡಕಿ ನೋಡಿದ್ದೇನೆ. ಸಿಕ್ಕಿದ್ದು ಒಂದು ಕರವಸ್ತ್ರ, ಕನ್ನಡಕ ಬಿಗಿಮಾಡುವ ಸಣ್ಣ ಸ್ಕ್ರೂಡ್ರೈವರ್, ಅಷ್ಟೇ.

ಇದು ಹೋದ ವರ್ಷ ಗಣಪತಿ ಹಬ್ಬಕ್ಕೆ ಮುಂಚೆ ಶುರುವಾಯಿತು. ಅಣ್ಣ ಸ್ಟೇಷನ್ ಹತ್ತಿರದ ಒಂದು ಚಷ್ಮಾ ಅಂಗಡಿಯಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದ. ಮಾಲೀಕರು ನಮ್ಮ ಕೊಪ್ಪಳದ ಕಡೆಯವರು. ಅವರೂರಿಗೂ ನಮ್ಮೂರಿಗೂ ನಡುವೆ ಒಂದು ಹಳ್ಳ ಮಾತ್ರ. ಹುಡುಗನಾಗಿದ್ದಾಗ ಮುಂಬೈಗೆ ಬಂದವರು ಈಗ ಎಲ್ಲರಿಗೂ ಸೇಠ್. ಊರ ಕಡೆಯ ಹುಡುಗನೆಂದೇ ಅಣ್ಣನನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದರು.

ಕನ್ನಡಕ ಕೂಡಿಸುವಾಗ ಗಿರಾಕಿಯ ಮುಖದ ಹತ್ತಿರ ಮುಖ ಒಯ್ಯಬೇಕಾಗುತ್ತದೆ. ಒಂದು ಸಂಜೆ ಒಬ್ಬ ಹೆಂಗಸು ಸಟ್ಟನೆ ಹಿಂದೆ ಸರಿದು ಸೇಠ್ ಕಡೆ ತಿರುಗಿ, "ಪೆಹಲೇ ಇಸ್ಕಾ ಗುಟ್ಕಾ ಛುಡಾವೋ, ಫಿರ್ ಚಷ್ಮಾ ಬೇಚೋ" ಅಂದರಂತೆ, ಮೊದಲು ಇವನ ಗುಟ್ಕಾ ಬಿಡಿಸಿ, ಆಮೇಲೆ ಚಷ್ಮಾ ಮಾರಿ ಎಂದು. ಸೇಠ್ ಅಂಗಡಿಯಲ್ಲಿದ್ದ ಅಷ್ಟೂ ಜನರ ಮುಂದೆ ಅಣ್ಣನನ್ನು ಬೈದರು. ಮರುದಿನದಿಂದ ಅಣ್ಣನ ಜಾಗ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಮಷಿನಿನ ಮುಂದೆ. ಹಲ್ಲು ಸರಿ ಮಾಡಿಸಿಕೊಂಡು ಬಂದರೆ ಕೌಂಟರ್, ಇಲ್ಲದಿದ್ದರೆ ಅಲ್ಲೇ.

ಅಣ್ಣನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆಗಳಿದ್ದವು, ನಡುನಡುವೆ ಸುಣ್ಣದಂಥ ಬಿಳಿ ಮಚ್ಚೆಗಳು. ಅವನು ಎಂಟು ವರ್ಷದವನಾಗುವವರೆಗೆ ಊರಲ್ಲಿ ನಮ್ಮ ಅಜ್ಜಿ ಆಯಿಯ ಹತ್ತಿರ ಬೆಳೆದವನು. ನಾನು ಇಲ್ಲೇ ಹುಟ್ಟಿದವಳು, ನನ್ನ ಹಲ್ಲು ಬೆಳ್ಳಗಿವೆ. ಪಕ್ಕದ ಖೋಲಿಯ ಕಾಶಿ ಕಾಕು ಇದನ್ನೇ ಸಾಕ್ಷಿ ಮಾಡಿದ್ದರು.

"ಒಂದ ತಾಯಿ ಮಕ್ಕಳು. ಆಕಿ ಹಲ್ಲು ನೋಡು, ಇವನ ಹಲ್ಲು ನೋಡು. ಗುಟ್ಕಾ ಅಲ್ಲಂದ್ರ ಮತ್ತೇನವಾ?"

"ನಮ್ಮ ಮನೆತನದ ಹಲ್ಲೇ ಹಂಗ" ಎಂದು ಅವ್ವ ಹೇಳುತ್ತಿದ್ದಳು. ಅವಳು ಎಲೆ ಅಡಿಕೆ ಹಾಕುವವಳು, ಅವಳ ಹಲ್ಲು ನೋಡಿ ಏನೂ ತಿಳಿಯುವಂತಿರಲಿಲ್ಲ. ಮನೆತನದ್ದಾದರೆ ನನಗೇಕಿಲ್ಲ ಎಂದು ಕೇಳಿದರೆ ಇನ್ನೊಂದು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

ಹಲ್ಲಿನ ಡಾಕ್ಟರ ಹತ್ತಿರ ನಾನೇ ಜೊತೆಗೆ ಹೋದೆ, ಜಗಳಕ್ಕೆ ತಯಾರಾಗಿಯೇ. ಚಂದ ಮಾಡುತ್ತೇವೆನ್ನುವವರು ಮೊದಲು ನಮ್ಮಲ್ಲೊಂದು ಕುರೂಪ ಹುಡುಕುತ್ತಾರೆ ಎಂಬುದು ನನ್ನ ವಾದವಾಗಿತ್ತು. ಡಾಕ್ಟರು ಮರಾಠಿ ಹೆಂಗಸು, ನಮ್ಮೊಂದಿಗೆ ಹಿಂದಿಯಲ್ಲಿ ಮಾತಾಡಿದರು. ಅಣ್ಣನ ಬಾಯಿ ತೆರೆಸಿ ನೋಡಿ ಮೊದಲು ಕೇಳಿದ್ದು ಇದು: "ಊರು ಯಾವುದು? ಚಿಕ್ಕವನಿದ್ದಾಗ ಬೋರಿಂಗ್ ನೀರು ಕುಡೀತಿದ್ದೆಯಾ?"

ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದ್ದರೆ, ಹಲ್ಲು ಇನ್ನೂ ಬೆಳೆಯುತ್ತಿರುವ ವಯಸ್ಸಿನಲ್ಲೇ ಒಳಗೆ ಕಲೆ ಕೂತುಬಿಡುತ್ತದಂತೆ. ಆ ಕಡೆಯ ಊರುಗಳಲ್ಲಿ ಬೇಕಾದಷ್ಟು ಜನರಿಗೆ ಇದೆ, ಒಮ್ಮೆ ನೋಡಿದವರು ಮತ್ತೆ ಗುರುತಿಸದೆ ಇರುವುದಿಲ್ಲ ಎಂದರು. ನನ್ನ ಅರ್ಧ ಜಗಳ ಅಲ್ಲಿಗೇ ಮುಗಿಯಿತು. ಉಳಿದರ್ಧ ಮಾಡಿದೆ.

"ಬರೀ ಕ್ಲೀನ್ ಮಾಡಿದರೆ ಹೋಗಲ್ವಾ?"

"ಮೇಲೆ ಕೂತಿದ್ದರೆ ಹೋಗುತ್ತಿತ್ತು. ಇದು ಒಳಗಿದೆ."

"ಬ್ಲೀಚಿಂಗ್?"

"ಕಂದು ತಿಳಿಯಾಗಬಹುದು. ಬಿಳಿ ಮಚ್ಚೆ ಇನ್ನಷ್ಟು ಎದ್ದು ಕಾಣಬಹುದು."

"ಸಿನಿಮಾದವರು ಹಾಕಿಸ್ಕೋತಾರಲ್ಲ, ಅದು?"

ಅದು ಪಿಂಗಾಣಿಯ ತೆಳುವಾದ ಹೊದಿಕೆ, ಸಾಮಾನ್ಯವಾಗಿ ಅದಕ್ಕೆ ಹಲ್ಲಿನ ಮುಂಭಾಗವನ್ನು ಸ್ವಲ್ಪ ಉಜ್ಜಿ ತೆಗೆಯಬೇಕಾಗುತ್ತದೆ ಎಂದರು. ಅಣ್ಣ ನನ್ನ ಕಡೆ ತಿರುಗಿ, "ಗಾಜು ಜಾಸ್ತಿ ಉಜ್ಜಿದ್ರ ಬ್ಯಾರೆ ಗಾಜು ಹಾಕ್ತೀನಿ. ಇದಕ್ಕೇನ್ ಮಾಡ್ಲಿ?" ಅಂದ. ಡಾಕ್ಟರಿಗೆ ಭಾಷೆ ತಿಳಿಯದಿದ್ದರೂ ಮುಖ ನೋಡಿ ತಿಳಿಯಿತು. ಮೇಲಿನ ತೀರಾ ತೆಳುವಾದ ಪದರವನ್ನಷ್ಟೇ ಒಂದು ಪೇಸ್ಟಿನಿಂದ ತಿಕ್ಕಿ, ಆಮೇಲೂ ಕಲೆ ಉಳಿದ ಕಡೆ ಹಲ್ಲಿನ ಬಣ್ಣದ ಕಾಂಪೋಸಿಟ್ ಎಂಬ ಲೇಪ ತುಂಬಬಹುದು, ಕೆಲವು ವರ್ಷದ ಮೇಲೆ ಅದನ್ನು ಮತ್ತೆ ಮಾಡಿಸಬೇಕಾದೀತು ಎಂದರು.

ಕೆಳಗಿಳಿದು ಚಹಾದ ಗಾಡಿಯ ಹತ್ತಿರ ನಿಂತು ನಾನು ಶುರು ಮಾಡಿದೆ. "ನಿನ್ನ ಹಲ್ಲು ಗಟ್ಟಿ ಅದಾವ, ನೋವಿಲ್ಲ. ರೋಗನೇ ಇಲ್ಲದ್ದಕ್ಕ ಔಷಧ ಯಾಕ? ಮ್ಯಾಲೆ, ನೀ ಹಲ್ಲು ಬೆಳ್ಳಗ ಮಾಡಿಸ್ಕೊಂಡ್ರ ಎಲ್ಲಾರೂ ಏನಂತಾರ? ನೋಡು, ಗುಟ್ಕಾ ಬಿಟ್ಟ ಅಂತಾರ. ಅವರ ಸುಳ್ಳಿಗೆ ನೀನೇ ಪುರಾವೆ ಕೊಟ್ಟಂಗ ಆಗ್ತೈತಿ."

ಅಣ್ಣ ಚಹಾ ಮುಗಿಸಿದ. "ಮಾತಿನ್ಯಾಗ ನೀನೇ ಗೆಲ್ತಿ ತಂಗಿ. ನಾಳೆ ಮುಂಜಾನೆ ಆ ಒಳಗಿನ ಖೋಲ್ಯಾಗ ಕುಂದ್ರಾಂವ ನಾನು. ಗಿರಾಕಿ ಕೂಡ ಮಾತಾಡಿ ಎಷ್ಟ ದಿನ ಆತು. ಈಗ ಮನ್ಯಾಗ ನಗಬೇಕಂದ್ರೂ ಕೈ ಬಾಯಿಗೆ ಹೋಗ್ತೈತಿ."

ಚಹಾದ ದುಡ್ಡು ನಾನೇ ಕೊಟ್ಟೆ.

ಮೇಲಿನ ಮುಂದಿನ ಹಲ್ಲುಗಳಿಗೆ ಮಾತ್ರ ಮಾಡಿಸಿದ. ಡಾಕ್ಟರು ಅಚ್ಚ ಬಿಳಿ ಬಣ್ಣ ಕೊಡಲಿಲ್ಲ, ಹಲ್ಲು ಹಲ್ಲಿನ ಹಾಗೆಯೇ ಕಾಣಲಿ ಎಂದರು. ಕಟಕ್ ರೊಟ್ಟಿಯನ್ನು ಮುಂದಿನ ಹಲ್ಲಿನಿಂದ ಕಡಿಯಬೇಡ ಅಂದದ್ದೊಂದೇ ಅಣ್ಣನಿಗೆ ಬೇಜಾರಾದ ವಿಷಯ. ಸೇಠ್ ನೋಡಿ, "ಹಾಂ, ಈಗ ಬರೋಬರ್" ಎಂದು ಅವನನ್ನು ಕೌಂಟರಿಗೆ ಕರೆದುಕೊಂಡರು. ಕಾಶಿ ಕಾಕು ಚಾಳಿನ ಗ್ಯಾಲರಿಯಲ್ಲಿ ಅವನನ್ನು ತಡೆದು ನಿಲ್ಲಿಸಿ, "ಅಂತೂ ಬಿಟ್ಟ್ಯಲ್ಲಪಾ, ಛಲೋ ಆತು" ಅಂದರು. ಬೋರಿಂಗ್ ನೀರಿನ ಕಥೆಯನ್ನು ನಾನು ಪೂರ್ತಿ ವಿವರಿಸಿದೆ. ಕೊನೆಗೆ ಅವರು, "ಇರಲಿ ಬಿಡವಾ, ಬಿಟ್ಟಾನಲ್ಲ" ಅಂದರು.

ದಸರೆಯ ದಿನ ಅಂಗಡಿಯಲ್ಲಿ ಪೂಜೆಯಿತ್ತು. ಗಾಜು ಉಜ್ಜುವ ಮಷಿನಿಗೂ ಚೆಂಡುಹೂವಿನ ಮಾಲೆ ಹಾಕಿದ್ದರು. ಸೇಠ್ ಎಲ್ಲರಿಗೂ ಬನ್ನಿ ಎಲೆ ಕೊಡುತ್ತ ಬಂದು ನನ್ನ ಮುಂದೆ ನಿಂತರು.

"ಬಾ ವಕೀಲಬಾಯಿ, ಬನ್ನಿ ತಗೋ. ನಿಮ್ಮಣ್ಣ ಈಗ ಹೀರೋ ಆಗ್ಯಾನ. ಅವನ ಫೋಟೋನೇ ಬೋರ್ಡಿಗೆ ಹಚ್ಚಿಬಿಡ್ತೀನಿ!"

ಹೀಗೆಂದು ತಲೆ ಹಿಂದಕ್ಕೆ ಒಗೆದು ಬಾಯಿತುಂಬ ನಕ್ಕರು. ಅವರ ಮೇಲಿನ ಹಲ್ಲು ಎಲ್ಲರೂ ನೋಡಿದವೇ, ಒಂದೇ ಸಮ, ಒಂದೇ ಬಿಳುಪು. ಕೆಳಗಿನ ಸಾಲನ್ನು ನಾನು ನೋಡಿದ್ದು ಅಂದೇ ಮೊದಲು. ಅಡ್ಡಡ್ಡ ಕಂದು ಗೆರೆ, ನಡುವೆ ಸುಣ್ಣದ ಮಚ್ಚೆ.

ನಾನು ಕೇಳಿಯೇಬಿಟ್ಟೆ. ದನಿ ಏರಿಸಲಿಲ್ಲ, ಕನ್ನಡದಲ್ಲೇ ಕೇಳಿದೆ. ಸೇಠ್ ತುಟಿ ಮುಚ್ಚಿದರು. ಆಮೇಲೆ, "ಪೇಢಾ ತಗೋರಿ ಎಲ್ಲಾರೂ" ಎನ್ನುತ್ತ ಮುಂದಿನವರ ಕಡೆ ಹೋದರು.

ದಾರಿಯಲ್ಲಿ ಅಣ್ಣ ಬೈದ. "ಅವರೂ ಕೌಂಟರ್‌ನ್ಯಾಗ ನಿಂತೇ ಮ್ಯಾಲೆ ಬಂದವರು. ಎಷ್ಟು ಮಂದಿ ಕಡೆಯಿಂದ ಗುಟ್ಕಾದಂವ ಅನ್ನಿಸ್ಕೊಂಡಾರೋ ಏನೋ. ನೀ ಕೇಳಬಾರದಿತ್ತು."

ಇರಬಹುದು. ಅನ್ನಿಸಿಕೊಂಡವರು ಅನ್ನಿಸಿಕೊಳ್ಳುವವನ ಪಕ್ಕದಲ್ಲಿ ನಿಲ್ಲುತ್ತಾರೆ ಎಂದು ನಾನು ನಂಬಿದ್ದೆ, ಆ ನಂಬಿಕೆಗೆ ಆಧಾರವೇನೆಂದು ಯಾವತ್ತೂ ಪ್ರಶ್ನಿಸಿಕೊಂಡಿರಲಿಲ್ಲ. ಅಣ್ಣ ಕೌಂಟರಿನಲ್ಲಿ ನಗುತ್ತಿದ್ದಾನೆ, ಅದು ನನಗೂ ಸಂತೋಷವೇ. ಆದರೂ ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ ದಸರೆಯ ದಿನ ಕೇಳಿದ ನನ್ನ ಮಾತು ಮತ್ತೆ ನಾಲಿಗೆಗೆ ಬರುತ್ತದೆ.

"ಸೇಠ್, ಆ ಹೆಣ್ಮಗಳು ಗುಟ್ಕಾ ಅಂದಾಗ, ಇದು ನಮ್ಮೂರ ನೀರು ಅಂತ ಆ ಅಂಗಡ್ಯಾಗ ನಿಮಗೊಬ್ಬರಿಗೇ ಗೊತ್ತಿತ್ತಲ್ಲರಿ, ಯಾಕ ಹೇಳಲಿಲ್ಲ?"